ನೂರ ಹದಿನೆಂಟು ಮೆಟ್ಟಿಲು ಕೂತೇ ಹತ್ತಿದ್ದು

ನನ್ನ ಕಾಲಿಗೆ ಗಾಯವಾಗಿದೆ ಎಂದು ನನಗಿಂತ ಮೊದಲು ಗೊತ್ತಾದದ್ದು ಕಾಫಿ ಹೋಟೆಲಿನ ರುದ್ರಣ್ಣನಿಗೆ. ಬೆಳಗಿನ ಎರಡನೇ ಸರದಿಯ ಹಾಲಿನ ಕ್ಯಾನನ್ನು ಅವನ ಅಡುಗೆಮನೆಯಲ್ಲಿ ಇಳಿಸಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದೆ. ಆಗತಾನೆ ಸಾರಿಸಿದ್ದ ನೆಲ. "ದೇವೀರಮ್ಮ, ಏನು ತುಳ್ಕೊಂಡು ಬಂದ್ರಿ? ಕುಂಕುಮದ ನೀರಾ?" ಎಂದ. ತಿರುಗಿ ನೋಡಿದೆ. ಬಾಗಿಲಿನಿಂದ ಒಲೆಯವರೆಗೆ ಒಂದು ಬಿಟ್ಟು ಒಂದು ಕೆಂಪು ಹೆಜ್ಜೆ, ಎಲ್ಲ ಬಲಗಾಲಿನವು. ಕೂತು ಅಂಗಾಲು ತಿರುಗಿಸಿದರೆ ಕಿರುಬೆರಳಿನ ಬುಡದಲ್ಲಿ ಹೆಂಚಿನ ಚೂರೊಂದು ನೆಟ್ಟುಕೊಂಡಿತ್ತು. ಎಂದಿನಿಂದ ಇತ್ತೋ. ಸುತ್ತಲ ಚರ್ಮ ಬೆಳ್ಳಗೆ ನೆನೆದು ಹೋಗಿತ್ತು. ನನಗೆ ನೋವೇ ಇರಲಿಲ್ಲ. ನೋವಿಲ್ಲದಿರುವುದು ಒಳ್ಳೆಯದೆಂದು ನಾನು ಆವತ್ತಿನವರೆಗೂ ನಂಬಿದ್ದೆ.

ನಮ್ಮೂರಿನಲ್ಲಿ ಗಾಲಿ ತಿರುಗುವುದಿಲ್ಲ. ಹೊಲಿಗೆ ಯಂತ್ರದ ಚಕ್ರ ತಿರುಗುತ್ತದೆ, ಬಾವಿಯ ರಾಟೆ ತಿರುಗುತ್ತದೆ. ನೆಲ ಮುಟ್ಟಿದ ಗಾಲಿ ಮಾತ್ರ ಗಡಿಕಲ್ಲು ದಾಟಿದೊಡನೆ ನಿಂತುಬಿಡುತ್ತದೆ. ಎತ್ತು ಎಳೆದರೂ ಅಷ್ಟೇ, ಎಂಜಿನ್ ಕೂಗಿಕೊಂಡರೂ ಅಷ್ಟೇ. ಹಾಗಾಗಿ ಲಾರಿ ಬಸ್ಸುಗಳೆಲ್ಲ ಕಲ್ಲಿನ ಆಚೆಯೇ ನಿಲ್ಲುತ್ತವೆ, ಅಲ್ಲಿಂದ ಈಚೆಗೆ ಎಲ್ಲವೂ ಮನುಷ್ಯರ ತಲೆ, ಬೆನ್ನು, ಹೆಗಲಿನ ಮೇಲೆ ಬರುತ್ತದೆ. ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವಾರ ಕಾಲು ನೋವೆಂದು ಅಳುತ್ತಾರೆ, ಮಳೆಗಾಲ ಕಳೆಯುವಷ್ಟರಲ್ಲಿ ಅವರ ಮೀನಖಂಡ ಗಟ್ಟಿಯಾಗಿರುತ್ತದೆ. ನಾನು ಮೂವತ್ತೊಂದು ವರ್ಷ ಹಾಲು ಹೊತ್ತವಳು. ನನ್ನ ಗಂಡ ಮಾದಪ್ಪ ಸಿಲಿಂಡರು ಹೊರುತ್ತಾರೆ. ಇಷ್ಟೆಲ್ಲ ಹೊರುವ ಊರಿನಲ್ಲಿ ಜೀವವಿರುವ ಮನುಷ್ಯರನ್ನು ಮಾತ್ರ ಯಾರೂ ಹೊರುವುದಿಲ್ಲ. ಕೈಗೂಸನ್ನು ಹೊರುತ್ತಾರೆ, ಹೆಣವನ್ನು ಹೊರುತ್ತಾರೆ. ನಡುವೆ ಇರುವವರು ನಡೆಯಬೇಕು.

ನಡೆಯುವವರ ಊರಾದ್ದರಿಂದ ಪುರಸಭೆಯವರು ಪಾದಾರೋಗ್ಯ ಕೇಂದ್ರವೊಂದನ್ನು ಇಟ್ಟಿದ್ದಾರೆ. ಹಳೆಯ ಬುರುಜಿನ ಮೇಲೆ ಇದೆ ಅದು, ಸಂತೆಬೀದಿಯ ತುದಿಯಿಂದ ನೂರ ಹದಿನೆಂಟು ಮೆಟ್ಟಿಲು. ಆಣಿ ಕೆತ್ತುತ್ತಾರೆ, ಉಗುರು ಕತ್ತರಿಸುತ್ತಾರೆ, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುತ್ತಾರೆ, ಹುಣ್ಣಿಗೆ ಪಟ್ಟಿ ಕಟ್ಟುತ್ತಾರೆ. ರುದ್ರಣ್ಣ ಕೊಟ್ಟ ಬಟ್ಟೆ ಸುತ್ತಿಕೊಂಡು ಅವತ್ತು ನಾನು ಆ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿದೆ. ಅದೇ ಕೊನೆ, ಹಾಗೆ ಹತ್ತಿದ್ದು.

ಅಲ್ಲಿ ಇರುವವರು ಇಬ್ಬರೇ, ಸಿಸ್ಟರ್ ಜುಬೇದಾ ಮತ್ತು ಗುಮಾಸ್ತ ಪರಶಿವಯ್ಯ. ಸಿಸ್ಟರು ಚೂರನ್ನು ಚಿಮ್ಮಟದಲ್ಲಿ ತೆಗೆದು, ತೊಳೆದು, ಸಕ್ಕರೆ ಪರೀಕ್ಷೆ ಮಾಡಿದರು. ಆಮೇಲೆ ಮೀನಿನ ಗಾಳದ ದಾರದಂಥ ಎಳೆಯೊಂದನ್ನು ಹಿಡಿದು, "ಕಣ್ಣು ಮುಚ್ಚಿ. ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದರು. ನಾನು ಎರಡು ಸಲ ಹೂಂ ಎಂದೆ. ಕಣ್ಣು ಬಿಟ್ಟಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹತ್ತು ಕಡೆ ಮುಟ್ಟಿದೆ" ಎಂದರು. "ಸಕ್ಕರೆ ಜಾಸ್ತಿ ಇದೆ. ನಿಮ್ಮ ಕಾಲು ನಿಮ್ಮ ಜೊತೆ ಮಾತಾಡೋದು ಬಿಟ್ಟುಬಿಟ್ಟಿದೆ ದೇವೀರಮ್ಮ. ಇನ್ಮೇಲೆ ದಿನಾ ಕಣ್ಣಲ್ಲೇ ನೋಡ್ಕೋಬೇಕು. ಈ ಹುಣ್ಣು ಆಳ ಇದೆ, ಮೂಳೆ ಹತ್ರ ಹೋಗಿದೆ. ವಾಸಿ ಆಗುತ್ತೆ, ಆದ್ರೆ ಈ ಕಾಲನ್ನ ನೆಲಕ್ಕೆ ಊರಬಾರದು. ಆರು ವಾರ. ಒಂದು ಹೆಜ್ಜೆನೂ ಇಡಬಾರದು."

"ಪಟ್ಟಿ?"

"ದಿನ ಬಿಟ್ಟು ದಿನ ಬಿಚ್ಚಿ ತೊಳೆದು ಕಟ್ಟಬೇಕು. ಇಲ್ಲಿಗೇ ಬರಬೇಕು."

ನಾನು ಮತ್ತೆ ಕೇಳಿದೆ, "ಕಾಲು ಊರದೆ ಹೆಂಗೆ ಬರ್ಲಿ?"

ಉತ್ತರ ಕೊಟ್ಟದ್ದು ಮೇಜಿನ ಆಚೆಯಿಂದ ಪರಶಿವಯ್ಯ. ಗೋಡೆಯ ಮೇಲಿನ ಫಲಕವನ್ನು ಪೆನ್ನಿನಿಂದ ತೋರಿಸಿದರು. ನಡೆದು ಬಂದವರಿಗೆ ಮಾತ್ರ ಪಾದಸೇವೆ ಎಂದು ಅದರಲ್ಲಿ ಬರೆದಿತ್ತು. "ನಡೆಯೋಕಾಗದೆ ಇದ್ರೆ ಯೋಚನೆ ಬೇಡಮ್ಮ, ಕೂತವರ ಪಟ್ಟಿಗೆ ಹೆಸರು ಸೇರಿಸ್ತೀನಿ. ಅಕ್ಕಿ, ಬೇಳೆ, ಎಣ್ಣೆ ಮನೆಗೇ ಬರುತ್ತೆ. ಹೆಬ್ಬೆಟ್ಟು ಒತ್ತಿದ್ರೆ ಆಯ್ತು."

"ಪಟ್ಟಿ ಕಟ್ಟೋರೂ ಮನೆಗೆ ಬರ್ತಾರಾ?"

"ಅದೆಲ್ಲಿ ಬರ್ತಾರೆ? ಕೂತವರ ಪಟ್ಟೀಲಿ ಇರೋರಿಗೆ ಪಾದಸೇವೆ ಇಲ್ಲ. ನಡೆಯದ ಕಾಲಿಗೆ ಪಾದಸೇವೆ ಯಾಕಮ್ಮ?" ಅವರು ಕೇಳಿದ ರೀತಿಯಲ್ಲಿ ಕುಹಕವೇನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ಮಾತನ್ನು ಹೇಳುತ್ತ ಹೇಳುತ್ತ ಅದು ಅವರಿಗೆ ಬಿಸಿಲು ಗಾಳಿಯಷ್ಟು ಸಹಜವಾಗಿತ್ತು. ನಾನು ಹೆಬ್ಬೆಟ್ಟು ಒತ್ತಲಿಲ್ಲ. ನನಗೆ ಸಹಿ ಬರುತ್ತದೆ, ಅದನ್ನೂ ಹಾಕಲಿಲ್ಲ. ಇಳಿಯುವಾಗ ಸಿಸ್ಟರು ಒಂದು ಊರುಗೋಲು ಕೊಟ್ಟರು. ಹನ್ನೊಂದನೇ ಮೆಟ್ಟಿಲಿನಲ್ಲೇ ಅದು ಜಾರಿತು, ಉಳಿದದ್ದನ್ನು ಗೋಡೆ ಹಿಡಿದು ಕುಂಟುತ್ತ ಇಳಿದೆ.

ನಮ್ಮ ಮನೆಯ ಪಕ್ಕದಲ್ಲಿ ಗುರುಪಾದಪ್ಪ ಇದ್ದಾರೆ. ಇಟ್ಟಿಗೆ ಹೊರುತ್ತಿದ್ದವರು. ಆರು ವರ್ಷದ ಕೆಳಗೆ ಅವರಿಗೂ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು, ಕೂತವರ ಪಟ್ಟಿಗೆ ಸೇರಿದರು. ಅಕ್ಕಿ ತಪ್ಪದೆ ಬಂತು. ಹುಣ್ಣನ್ನು ಮಾತ್ರ ಯಾರೂ ನೋಡಲಿಲ್ಲ. ಮುಂದಿನ ವರ್ಷ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಈಗ ಜಗಲಿಯ ಮೇಲೆ ಕೂತು ಮಂಚಕ್ಕೆ ನವಾರು ಹೆಣೆಯುತ್ತಾರೆ. ನನ್ನ ಕಾಲಿನ ಪಟ್ಟಿ ನೋಡಿ ಅವರು ಹೆಣೆಯುವುದನ್ನು ನಿಲ್ಲಿಸಿದರು.

"ಪಟ್ಟಿಗೆ ಸೇರ್ಕೊ ದೇವೀರವ್ವ" ಎಂದರು. "ಅದರ ಜೊತೆ ಗುದ್ದಾಡಬೇಡ. ನಾನೂ ಗುದ್ದಾಡೋಣ ಅಂದ್ಕೊಂಡಿದ್ದೆ."

"ಯಾಕೆ ಗುದ್ದಾಡಲಿಲ್ಲ ಗುರುಪಾದಣ್ಣ?"

"ಜ್ವರ ಇತ್ತು. ಒಬ್ಬನೇ ಇದ್ದೆ." ನವಾರಿನ ಗಂಟು ಬಿಗಿದು, "ಜೊತೆಗೆ ನಾಚಿಕೆ" ಎಂದರು.

ಮೂರನೇ ಬೆಳಗ್ಗೆ ನಾನು ಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಳ್ಳುವುದನ್ನು ನೋಡಿ ಮಾದಪ್ಪ, "ನಾನು ಹೊತ್ಕೊಂಡು ಹೋಗ್ತೀನಿ. ಜನ ಏನಾದ್ರೂ ಅಂದ್ಕೊಳ್ಳಲಿ" ಎಂದರು.

"ನೀವು ಹೊತ್ರೆ ಪರಶಿವಯ್ಯ ನನ್ನ ಹೆಸರನ್ನ ಅಲ್ಲೇ ಪಟ್ಟಿಗೆ ಬರ್ಕೊತಾರೆ. ನನಗೆ ಕೈ ಇದೆ, ಎಡಗಾಲಿದೆ, ಕೂರೋಕೆ ಅಂಡಿದೆ. ಬಲಗಾಲು ಊರಬಾರದು ಅಂತ ಹೇಳಿದ್ದಾರೆ. ಬರಬಾರದು ಅಂತ ಹೇಳಿಲ್ಲ."

ಮನೆಯಿಂದ ಮೆಟ್ಟಿಲಿನವರೆಗೆ ಊರುಗೋಲಿನ ಮೇಲೆ, ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಹೋದೆ. ಅಲ್ಲಿ ಮೊದಲನೇ ಮೆಟ್ಟಿಲಿನ ಮೇಲೆ ಬುರುಜಿಗೆ ಬೆನ್ನು ಹಾಕಿ ಕೂತೆ. ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಎಡಗಾಲಿನಿಂದ ನೂಕಿ, ಬಲಗಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡೆ. ಒಂದು. ಮತ್ತೆ ಹಾಗೆಯೇ. ಎರಡು. ಮಾದಪ್ಪ ನನಗಿಂತ ಎರಡು ಮೆಟ್ಟಿಲು ಕೆಳಗೆ, ನಾನು ಜಾರಿದರೆ ಇರಲಿ ಎಂದು, ಮುಖವನ್ನು ನನ್ನ ಕಡೆಗಿಟ್ಟುಕೊಂಡು ಬಂದರು.

ಹಾಗೆ ಹತ್ತುವಾಗ ಕಣ್ಣೆದುರು ಊರಿರುತ್ತದೆ. ಸಂತೆಬೀದಿಯ ಜನರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಸೊಪ್ಪಿನವಳು ತಕ್ಕಡಿ ಹಿಡಿದುಕೊಂಡೇ ನಿಂತಳು. ಯಾರೋ ನಕ್ಕರು. ನನ್ನ ಜೊತೆ ಹಾಲು ಹೊರುವ ಹೆಂಗಸರಿಬ್ಬರು ಮುಖ ತಿರುಗಿಸಿಕೊಂಡರು; ನಕ್ಕವರಿಗಿಂತ ಇವರೇ ನನ್ನನ್ನು ನೋಯಿಸಿದರು. ಐವತ್ತನೇ ಮೆಟ್ಟಿಲಿನ ಹೊತ್ತಿಗೆ ಅಂಗೈ ಸುಲಿಯಿತು. ಐವತ್ತೆಂಟು ವರ್ಷದ ಹೆಂಗಸು, ಊರಿಗೆಲ್ಲ ಹಾಲು ಕುಡಿಸಿದವಳು, ಮಗುವಿನ ಹಾಗೆ ಕೂತು ಹತ್ತುತ್ತಿದ್ದಾಳೆ. ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಆದ್ದರಿಂದ ಹತ್ತುತ್ತಲೇ ಇದ್ದೆ. ಎಪ್ಪತ್ತು ದಾಟಿದ ಮೇಲೆ ನಾಚಿಕೆ ಎಲ್ಲಿ ಹೋಯಿತೋ ತಿಳಿಯದು. ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತ್ತು. ಸಿಟ್ಟು ಬಂದರೆ ತೋಳಿಗೆ ಬಲ ಬರುತ್ತದೆ, ಅದನ್ನು ಅವತ್ತು ಕಂಡುಕೊಂಡೆ.

ಮೇಲೆ ತಲುಪಿದಾಗ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ನನ್ನ ಸರದಿ ಬಂದಾಗ ಪರಶಿವಯ್ಯ ಮೇಜಿನ ಮೇಲಿಂದ ಬಗ್ಗಿ ನೋಡಿದರು. ನಾನು ಹೊಸ್ತಿಲಿನ ಮೇಲೆ ಕೂತಿದ್ದೆ.

"ನಡೆದು ಬಂದ್ರೇನಮ್ಮ?"

"ಬಂದಿದೀನಿ."

"ನಡೆದು ಬಂದ್ರಾ ಅಂತ ಕೇಳಿದೆ. ಇಲ್ಲಿ ಕಾಲಂ ಇರೋದು ಹಂಗೆ."

"ಬಂದಿದೀನಿ ಅಂತ ಬರ್ಕೊಳ್ಳಿ. ಹೆಂಗೆ ಬಂದೆ ಅನ್ನೋದು ನನ್ನ ಕಷ್ಟ."

"ಹಂಗೆ ಬರೆಯೋಕೆ ಬರಲ್ಲಮ್ಮ. ಪಕ್ಕಕ್ಕೆ ಸರೀರಿ, ಮುಂದಿನವರು ಬರಲಿ."

ನಾನು ಸರಿಯಲಿಲ್ಲ. ಹೊಸ್ತಿಲಿನ ಅಗಲಕ್ಕೂ ಕಾಲು ಚಾಚಿ ಕೂತೆ. ನನ್ನ ಹಿಂದೆ ಹೂವಿನ ಬುಟ್ಟಿ ಹೊರುವ ಮುದುಕ ಇದ್ದ. ಪರಶಿವಯ್ಯ ಅವನನ್ನು ಒಳಗೆ ಕರೆದರು. ಅವನು ನನ್ನ ಚಾಚಿದ ಕಾಲನ್ನು ನೋಡಿ, "ಕೂತಿರೋ ಹೆಣ್ಣುಮಗಳನ್ನ ದಾಟ್ಕೊಂಡು ಹೆಂಗೆ ಬರ್ಲಿ ಸ್ವಾಮಿ?" ಎಂದ. ಅವನ ಹಿಂದಿನವಳೂ ದಾಟಲಿಲ್ಲ. ಅವಳ ಹಿಂದಿನವನೂ. ಮೊದಲು ನನ್ನ ಮೇಲೆ ಗೊಣಗಿಕೊಂಡರು, ಸ್ವಲ್ಪ ಹೊತ್ತಿಗೆ ಪರಶಿವಯ್ಯನವರ ಮೇಲೆ ಗೊಣಗಿಕೊಂಡರು. ಒಳಗಿನಿಂದ ಸಿಸ್ಟರ್ ಜುಬೇದಾ ಬೇಸಿನ್ ಹಿಡಿದು ಬಂದರು. ಹೊಸ್ತಿಲಿನ ಮುಂದೆ ಮಂಡಿಯೂರಿ ಕೂತು ಪಟ್ಟಿ ಬಿಚ್ಚತೊಡಗಿದರು.

"ಸಿಸ್ಟರ್, ರಿಜಿಸ್ಟರಿನಲ್ಲಿ ಹೆಸರಿಲ್ಲ" ಎಂದರು ಪರಶಿವಯ್ಯ.

"ಹುಣ್ಣು ಇದೆ" ಎಂದರು ಸಿಸ್ಟರು.

ಎರಡೇ ದಿನಕ್ಕೆ ಅವರಿಗೆ ಆರೋಗ್ಯಾಧಿಕಾರಿ ಹೇಮಚಂದ್ರರಿಂದ ಮೆಮೊ ಬಂತು. ನನಗೆ ಹೇಳಲಿಲ್ಲ, ಮಡಿಸಿ ಮುಲಾಮಿನ ಡಬ್ಬಿಯ ಕೆಳಗೆ ಇಟ್ಟಿದ್ದನ್ನು ನಾನೇ ಕಂಡೆ. "ನನ್ನಿಂದ ನಿಮಗೆ ತೊಂದರೆ" ಎಂದೆ. "ತೊಂದರೆ ನಿಮ್ಮಿಂದಲ್ಲ, ಅಲುಗಾಡಬೇಡಿ" ಎಂದರು. ನಾನು ದಿನ ಬಿಟ್ಟು ದಿನ ಹತ್ತಿದೆ. ಮಾದಪ್ಪ ನನ್ನ ಅಂಗೈಗೆ ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ, ಪಟ್ಟಿ ಹೊಲಿದು ಕೊಟ್ಟರು. ಮೂರನೇ ಸಲ ಒಂದೂವರೆ ಗಂಟೆಯ ದಾರಿ ಒಂದು ಗಂಟೆಗೆ ಬಂತು. ಮುಖ ತಿರುಗಿಸಿಕೊಂಡಿದ್ದ ಹೆಂಗಸರು ಅರ್ಧದಾರಿಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕಾದಿದ್ದರು. ಪರಶಿವಯ್ಯ ಪ್ರತಿ ಸಲವೂ ಅದೇ ಪ್ರಶ್ನೆ ಕೇಳಿದರು, ನಾನು ಪ್ರತಿ ಸಲವೂ ಬಂದಿದೀನಿ ಎಂದೆ, ಅವರು ಪೆನ್ನನ್ನು ಕೆಳಗಿಟ್ಟರು.

ಗಾಯ ಮಾತ್ರ ನನ್ನ ಸಿಟ್ಟಿಗೆ ಬಗ್ಗಲಿಲ್ಲ. ಕಿರುಬೆರಳು ಕಪ್ಪಾಗುತ್ತ ಬಂತು. ತಿಂಗಳಿಗೊಮ್ಮೆ ಬರುವ ಸರ್ಜನ್ನು ಬಂದು ಅದನ್ನು ತೆಗೆದರು. ನೋವಾಗುತ್ತದೆಂದು ಹಲ್ಲು ಕಚ್ಚಿಕೊಂಡಿದ್ದೆ, ಆಗಲಿಲ್ಲ, ಆಗದಿದ್ದದ್ದಕ್ಕೇ ಅತ್ತೆ. ಸಿಸ್ಟರು ನನ್ನ ಹಣೆಯ ಕೂದಲು ಸರಿಸಿ, "ಬೆರಳು ಹೋಯ್ತು. ಕಾಲು ಇದೆ. ಹಟ ಬಿಡಬೇಡಿ" ಎಂದರು.

ಅದರ ಮುಂದಿನ ವಾರ ನಾನು ಮೆಟ್ಟಿಲಿನ ಬುಡಕ್ಕೆ ಹೋದಾಗ ಅಲ್ಲಿ ಗುರುಪಾದಪ್ಪ ಕೂತಿದ್ದರು. ಉಳಿದ ಕಾಲನ್ನು ಚಾಚಿಕೊಂಡು, ತಲೆಗೆ ಹೊಸ ಪೇಟ ಸುತ್ತಿಕೊಂಡು.

"ಈ ಕಾಲಿನ ಹೆಬ್ಬೆರಳಲ್ಲೂ ಏನೋ ಆಗಿದೆ ಕಣವ್ವ" ಎಂದರು. "ಎರಡು ತಿಂಗಳಾಯ್ತು. ಯಾರಿಗೂ ಹೇಳಿರಲಿಲ್ಲ."

ಅವರೊಬ್ಬರೇ ಅಲ್ಲ. ಕೂತವರ ಪಟ್ಟಿಯ ಏಳು ಜನ ಬೇರೆ ಬೇರೆ ಓಣಿಗಳಿಂದ ತೆವಳಿಕೊಂಡು, ಮಣೆಯ ಮೇಲೆ ಸರಿದುಕೊಂಡು ಬಂದಿದ್ದರು. ಅವರಲ್ಲಿ ಕೆಲವರು ವರ್ಷಗಳಿಂದ ಬೀದಿ ನೋಡಿರಲಿಲ್ಲ. ಸಣ್ಣಕ್ಕಮ್ಮ ಎಂಬ ಮುದುಕಿ ಸೊಪ್ಪಿನ ಅಂಗಡಿಯ ಹೊಸ ಚಪ್ಪರವನ್ನು ಬಾಯಿ ತೆರೆದು ನೋಡುತ್ತಿದ್ದಳು. ನಾವು ಎಂಟು ಜನ ಬುರುಜಿಗೆ ಬೆನ್ನು ಹಾಕಿ ಕೂತೆವು. ಕೈ ಹೇಗೆ ಊರಬೇಕೆಂದು ನಾನು ತೋರಿಸಿಕೊಟ್ಟೆ. ಮೆಟ್ಟಿಲಿನ ಮೇಲೆ ಒಬ್ಬರ ಪಕ್ಕ ಒಬ್ಬರು, ಕಣ್ಣೆದುರು ಇಡೀ ಊರು. ಈ ಸಲ ಯಾರೂ ನಗಲಿಲ್ಲ.

ಮೂವತ್ತನೇ ಮೆಟ್ಟಿಲಿನಲ್ಲಿ ಸಣ್ಣಕ್ಕಮ್ಮನ ತೋಳು ಸೋತಿತು. ಮುಂದೆಯೂ ಹೋಗಲಾರಳು, ಹಿಂದೆಯೂ ಬರಲಾರಳು. ಅವಳನ್ನು ಬಿಟ್ಟು ಹೋಗಲು ನಮಗೂ ಮನಸ್ಸಾಗಲಿಲ್ಲ, ಎಲ್ಲರೂ ಅಲ್ಲೇ ಕೂತೆವು. ಅವತ್ತು ತಪಾಸಣೆಗೆಂದು ಕೇಂದ್ರಕ್ಕೆ ಬಂದಿದ್ದ ಹೇಮಚಂದ್ರರು ಅಷ್ಟರಲ್ಲಿ ಸುದ್ದಿ ತಿಳಿದು ಮೇಲಿನಿಂದ ಇಳಿದು ಬಂದು ನಮಗಿಂತ ಹತ್ತು ಮೆಟ್ಟಿಲು ಮೇಲೆ ನಿಂತರು. ಅವರು ಕೆಟ್ಟವರಲ್ಲ. ಬರೆದದ್ದನ್ನು ನಂಬುವ ಮನುಷ್ಯ, ಅಷ್ಟೇ.

"ನೀವೆಲ್ಲ ಕೂತವರ ಪಟ್ಟಿಯಲ್ಲಿದ್ದೀರಿ" ಎಂದರು. "ಇಲ್ಲಿಯವರೆಗೆ ಬರೋ ಶಕ್ತಿ ಇದ್ದರೆ ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ. ರೇಷನ್ ನಿಲ್ಲುತ್ತೆ. ಯೋಚನೆ ಮಾಡಿ."

ಅಕ್ಕಿ ಸಣ್ಣ ವಿಷಯವಲ್ಲ. ಗುರುಪಾದಪ್ಪ ಗಂಟಲು ಸರಿಮಾಡಿಕೊಂಡರು. "ಆರು ವರ್ಷ ಅಕ್ಕಿ ತಿಂದಿದೀನಿ ಸ್ವಾಮಿ" ಎಂದರು. "ಅಕ್ಕಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಅದು ತಿಂದ್ಕೊಂಡು ನನ್ನ ಕಾಲು ಕೊಳೆಯೋದನ್ನ ನಾನೇ ಕೂತು ನೋಡಿದೆ. ಇನ್ನೊಂದನ್ನ ನೋಡಲಾರೆ. ಹೆಸರು ಹೊಡೀರಿ."

"ನಿಯಮ ನಾನು ಮಾಡಿದ್ದಲ್ಲ ಗುರುಪಾದಪ್ಪ."

"ನಾವೂ ಮಾಡಿದ್ದಲ್ಲ" ಎಂದೆ ನಾನು. "ಯಾರೂ ಮಾಡದೆ ಇರೋದನ್ನ ಎಂಟು ಜನ ಯಾಕೆ ಹೊರಬೇಕು?"

ಆಗ ಮೇಲಿನ ಬಾಗಿಲಿನಲ್ಲಿ ಸಿಸ್ಟರ್ ಜುಬೇದಾ ಕಾಣಿಸಿಕೊಂಡರು. ಒಂದು ಕೈಯಲ್ಲಿ ಔಷಧದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬೇಸಿನ್. ಮೆಟ್ಟಿಲಿಳಿದು ಹೇಮಚಂದ್ರರ ಪಕ್ಕದಿಂದ ದಾಟಿ ಬಂದು ಸಣ್ಣಕ್ಕಮ್ಮನ ಎದುರು ಕೂತರು.

"ಸಿಸ್ಟರ್, ಕೇಂದ್ರ ಮೇಲಿದೆ" ಎಂದರು ಅಧಿಕಾರಿ.

"ಕಾಲು ಇಲ್ಲಿದೆ ಸರ್. ಬರೆದು ಕೇಳಿ, ಬರೆದು ಉತ್ತರ ಕೊಡ್ತೀನಿ. ಈಗ ಕೈ ಒದ್ದೆ ಇದೆ."

ಎಂಟೂ ಜನರ ಕಾಲನ್ನು ಅವರು ಆ ಮೂವತ್ತನೇ ಮೆಟ್ಟಿಲಿನಲ್ಲೇ ತೊಳೆದರು. ಗುರುಪಾದಪ್ಪನ ಹೆಬ್ಬೆರಳಿನ ಹುಣ್ಣು ಇನ್ನೂ ಚರ್ಮದ ಮಟ್ಟದಲ್ಲೇ ಇತ್ತು. ಇನ್ನೊಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತೋ ಎಂದರು ಸಿಸ್ಟರು. ಅವರು ಅರ್ಧ ಮುಗಿಸಿದ್ದಾಗ ಪರಶಿವಯ್ಯ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗಿಳಿದು ಬಂದರು. ಹೇಮಚಂದ್ರರು ಅವರನ್ನು ದುರುಗುಟ್ಟಿ ನೋಡಿದಾಗ, "ಔಷಧ ಖರ್ಚಾಗ್ತಿದೆ ಸರ್, ಬರೀದೆ ಇದ್ರೆ ಆಡಿಟ್ಟಿನಲ್ಲಿ ನನ್ನನ್ನ ಕೇಳ್ತಾರೆ" ಎಂದು ಮೆಟ್ಟಿಲಿನ ಮೇಲೆ ಕೂತು ಪುಸ್ತಕ ತೆರೆದರು. ನನ್ನ ಹೆಸರು ಬರೆದು, ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದರು. ಆಮೇಲೆ 'ನಡೆದು ಬಂದರು' ಎಂದು ಅಚ್ಚಾಗಿದ್ದುದರಲ್ಲಿ 'ನಡೆದು' ಎಂಬುದರ ಮೇಲೆ ಒಂದು ಗೆರೆ ಎಳೆದರು. ನೇರವಾದ ಗೆರೆ, ಸ್ಕೇಲು ಇಟ್ಟು ಎಳೆದದ್ದು.

ಸಿಸ್ಟರನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟರು. ಆ ತಿಂಗಳು ಅವರು ಸ್ವಂತ ಪೆಟ್ಟಿಗೆ ಹಿಡಿದು ನಮ್ಮ ಓಣಿಗಳಿಗೆ ಬಂದರು. ಏಳು ಜನರ ರೇಷನ್ ಎರಡು ಸಲ ನಿಂತಿತು, ಊರವರು ಪುರಸಭೆಯ ಬಾಗಿಲಿಗೆ ಹೋಗಿ ಕೂತ ಮೇಲೆ ಮತ್ತೆ ಬಂತು. ಅಮಾನತು ಮುಗಿದು ಸಿಸ್ಟರು ಕೆಲಸಕ್ಕೆ ಹಿಂತಿರುಗಿದ ದಿನ, ಯಾರೂ ಹೇಳದೆಯೇ, ಹೊರುವವರು ಹತ್ತಾರು ಜನ ಬುರುಜಿಗೆ ಹೋಗಿ ಬೀರು, ಕಬ್ಬಿಣದ ಕುರ್ಚಿ, ನೀರಿನ ಹಂಡೆ, ಮೇಜು ಎಲ್ಲವನ್ನೂ ಕೆಳಗಿಳಿಸಿ ಸಂತೆಬೀದಿಯ ಹಳೆಯ ತೂಕದ ಷೆಡ್ಡಿನಲ್ಲಿ ಇಟ್ಟರು. ಮೇಜಿನ ಮೇಲಿನ ಕಾಗದಗಳು ಹಾರದಂತೆ ಪರಶಿವಯ್ಯ ಅವುಗಳನ್ನು ಎದೆಗೆ ಅವುಚಿಕೊಂಡು ಹಿಂದೆ ಬಂದರು. ಅದು ತಾತ್ಕಾಲಿಕ ವ್ಯವಸ್ಥೆ ಎಂದು ಪುರಸಭೆಯ ನಡಾವಳಿಯಲ್ಲಿ ಬರೆದುಕೊಂಡರಂತೆ.

ನನ್ನ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಒಳಗೆ ಮೆತ್ತೆಯಿರುವ ಚಪ್ಪಲಿ ಹಾಕಿಕೊಂಡು ನಡೆಯುತ್ತೇನೆ, ಭಾರ ಹೊರುವುದಿಲ್ಲ. ಬೆಳಗಿನ ಹೊತ್ತು ಷೆಡ್ಡಿನಲ್ಲಿ ಕೂತು ಬಂದವರ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ತೋರಿಸುತ್ತೇನೆ. ಮೂವತ್ತು ವರ್ಷ ನಡೆದವರು ಕೂಡ ತಮ್ಮ ಅಂಗಾಲನ್ನು ನೋಡಿಯೇ ಇರುವುದಿಲ್ಲ. ನೋಡಿ ಬೆಚ್ಚುತ್ತಾರೆ.

ಹೋದ ಸೋಮವಾರ ಹೇಮಚಂದ್ರರು ಆದೇಶ ಹಿಡಿದುಕೊಂಡು ಬಂದರು. ಷೆಡ್ಡು ತುಂಬ ಜನ ಕಾಲು ಚಾಚಿಕೊಂಡು ಕೂತಿದ್ದರು. ತಾತ್ಕಾಲಿಕ ಅವಧಿ ಮುಗಿದಿದೆ, ಕೇಂದ್ರ ಬುರುಜಿಗೆ ಹಿಂತಿರುಗಬೇಕು, ಸಂಜೆಯೊಳಗೆ ಸಾಮಾನು ಮೇಲೆ ಹೋಗಬೇಕು ಎಂದು ಓದಿದರು. ಸಿಸ್ಟರು ತಲೆ ಎತ್ತದೆ ಒಬ್ಬನ ಆಣಿ ಕೆತ್ತುತ್ತಲೇ ಇದ್ದರು. ಪರಶಿವಯ್ಯ ಆದೇಶವನ್ನು ತೆಗೆದುಕೊಂಡು ಎರಡು ಸಲ ಓದಿ, ಸ್ವೀಕೃತಿಯ ಮೊಹರು ಒತ್ತಿದರು.

"ತಗೊಂಡು ಹೋಗಿ ಸರ್, ಬೇಡ ಅನ್ನಲ್ಲ" ಎಂದೆ ನಾನು. "ಬೀರು ಇದೆ, ಕುರ್ಚಿ ಇದೆ, ಹಂಡೆ ಇದೆ. ಹೊರೋರನ್ನ ಕರೀರಿ."

ಹೊರುವವರು ಅಲ್ಲೇ ಇದ್ದರು, ಇಟ್ಟಿಗೆಯವರು, ಅಕ್ಕಿ ಮೂಟೆಯವರು, ಹಾಲಿನವರು. ಹೇಮಚಂದ್ರರು ಒಬ್ಬೊಬ್ಬರ ಮುಖ ನೋಡುತ್ತ ಬಂದರು. ಒಬ್ಬ ತನ್ನ ಪಟ್ಟಿ ಕಟ್ಟಿದ ಕಾಲನ್ನು ನೋಡಿಕೊಂಡ, ಒಬ್ಬಳು ಸೆರಗು ಸರಿಮಾಡಿಕೊಂಡಳು. ಕೊನೆಗೆ ಅವರ ಕಣ್ಣು, ಸಿಲಿಂಡರು ಇಳಿಸಿ ಆಗಷ್ಟೇ ಒಳಗೆ ಬಂದ ಮಾದಪ್ಪನ ಮೇಲೆ ನಿಂತಿತು. ಊರಿನಲ್ಲೇ ಗಟ್ಟಿ ಹೆಗಲು ಅವರದು.

"ಮಾದಪ್ಪ, ನೀನಾದ್ರೂ ಈ ಬೀರು ಎತ್ತಪ್ಪ."

ಮಾದಪ್ಪ ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೆಗೆದರು. ಅದನ್ನೊಮ್ಮೆ ಕೊಡವಿ ನೆಲಕ್ಕೆ ಹಾಕಿ, ಅದರ ಮೇಲೆ ಕೂತು, ಎರಡೂ ಕಾಲುಗಳನ್ನು ಅಧಿಕಾರಿಯ ಬೂಟಿನವರೆಗೆ ಚಾಚಿದರು.

"ಸಿಸ್ಟರ್" ಎಂದರು, "ಹಿಮ್ಮಡಿ ಒಡೆದಿದೆ. ಸ್ವಲ್ಪ ನೋಡಿ."